ಫೋಟೋ ಕೌಂಟರಿನಲ್ಲಿ ಉಳಿದವರು

ಜನ ಬಾಯಿ ತೆರೆದು ಚೀರುತ್ತಿರುವಾಗ ಅವರ ಫೋಟೋ ತೆಗೆಸಿ, ಒಂದು ತಾಸಿನ ಮೇಲೆ ಅದನ್ನು ಅವರಿಗೇ ತೋರಿಸಿ ‘ಬೇಕೇನ್ರಿ?’ ಎಂದು ಕೇಳುವುದು ನನ್ನ ಕೆಲಸವಾಗಿತ್ತು. ಇಂಥ ಕೆಲಸ ಮಾಡುವವರಿಗೆ ಏನೂ ಆಗದೆ ಒಂದು ದಿನವೂ ಕಳೆಯುವುದಿಲ್ಲ.

ತೊಂಬತ್ತರ ದಶಕದಲ್ಲಿ ಪುಣೆಯ ಹೊರಗೆ ಒಂದು ಮೋಜಿನ ಪಾರ್ಕು ಶುರುವಾಯಿತು. ನೀರಿನ ಜಾರುಬಂಡೆ, ತೂಗುವ ಹಡಗು, ಸಿಮೆಂಟಿನ ಕೋಟೆ, ಸೊಂಡಿಲಿನಿಂದ ನೀರು ಚಿಮ್ಮಿಸುವ ಆನೆ. ಎಲ್ಲಕ್ಕಿಂತ ದೊಡ್ಡದು ಡ್ರ್ಯಾಗನ್ ಗಾಡಿ. ಹಳಿಯ ಮೇಲೆ ನಿಧಾನಕ್ಕೆ ಏರಿ, ತುದಿ ಮುಟ್ಟಿ, ಒಮ್ಮೆಲೇ ಕೆಳಗೆ ಬೀಳುತ್ತಿತ್ತು. ಬೀಳುವ ಜಾಗದ ಎದುರಿಗೆ ಕಬ್ಬಿಣದ ಅಟ್ಟದ ಮೇಲೆ ನಮ್ಮ ಫೋಟೋಗ್ರಾಫರ್ ನಿಂತಿರುತ್ತಿದ್ದ. ಅವನು ತೆಗೆದ ರೋಲು ಹಿಂದಿನ ಕೋಣೆಯಲ್ಲಿ ತೊಳೆದು ನನ್ನ ಕೌಂಟರಿಗೆ ಬರುತ್ತಿತ್ತು. ಪ್ರತಿ ಫೋಟೋಕ್ಕೆ ಎರಡು ಪ್ರತಿ: ಒಂದು ಬೋರ್ಡಿಗೆ ಹಚ್ಚಲಿಕ್ಕೆ, ಒಂದು ಮಾರಲಿಕ್ಕೆ. ಬೋರ್ಡಿನದು ಸಂಜೆ ರಟ್ಟಿನ ಡಬ್ಬಿಗೆ ಹೋಗುತ್ತಿತ್ತು.

ಕೆಲವು ವರ್ಷಗಳ ಹಿಂದೆ ಪಾರ್ಕು ಮುಚ್ಚಿತು. ಡಬ್ಬಿಗಳನ್ನು ಗುಜರಿಯವನಿಗೆ ಹಾಕುತ್ತೇವೆ ಎಂದರು. ನಾನು ರಿಕ್ಷಾದಲ್ಲಿ ಹಾಕಿಕೊಂಡು ಕೋಥರೂಡದ ಮನೆಗೆ ತಂದೆ. ಈಗಲೂ ಒಮ್ಮೊಮ್ಮೆ ತೆಗೆದು ನೋಡುತ್ತೇನೆ. ಹೆಚ್ಚಿನವರ ಹೆಸರು ಗೊತ್ತಿಲ್ಲ. ಆದರೆ ಹೆದರಿದಾಗ ಅವರ ಮುಖ ಹೇಗಿರುತ್ತದೆ ಎಂದು ಅವರ ಮನೆಯವರಿಗಿಂತ ನನಗೇ ಚೆನ್ನಾಗಿ ಗೊತ್ತು.

ನಮ್ಮ ಗೋಡೆ

ಪಾರ್ಕು ಶುರುವಾದ ವಾರವೇ, ಅದನ್ನು ಕಟ್ಟಿದ ಕೂಲಿಯವರಿಗೆ ಮಾಲೀಕರು ಒಂದು ದಿನದ ಪುಕ್ಕಟೆ ಪಾಸು ಕೊಟ್ಟರು. ಅವತ್ತು ಎಲ್ಲಿ ನಿಂತರೂ ಯಾದಗಿರಿ, ಸುರಪುರ ಕಡೆಯ ಮಾತೇ ಕಿವಿಗೆ ಬೀಳುತ್ತಿತ್ತು.

ಗೋಡೆ ಕಟ್ಟುವ ಒಬ್ಬ ಗೌಂಡಿ ತನ್ನ ತಾಯಿ, ಹೆಂಡತಿ, ಮೂರು ಮಕ್ಕಳನ್ನು ಕರೆದುಕೊಂಡು ಬಂದಿದ್ದ. ಫೋಟೋಗ್ರಾಫರ್ ಮರಾಠಿಯವನು. ಅವರನ್ನು ಕೋಟೆಯ ಮುಂದೆ ನಿಲ್ಲಿಸಿದ. ಗೌಂಡಿ ತಲೆ ಅಲ್ಲಾಡಿಸಿದ. ಆನೆಯ ಮುಂದೆ ನಿಲ್ಲಿಸಿದ. ಅದೂ ಬೇಡ. ಗೌಂಡಿಯೇ ಮುಂದೆ ಹೊರಟು, ಎಲ್ಲರನ್ನೂ ಪಾರ್ಕಿನ ಆ ತುದಿಗೆ ಕರೆದೊಯ್ದು ಹೆಂಗಸರ ಪಾಯಖಾನೆಯ ಹೊರಗೋಡೆಗೆ ನಿಲ್ಲಿಸಿದ. ಇವನಿಗೆ ಕನ್ನಡದಲ್ಲಿ ತಿಳಿಸಿ ಹೇಳು ಬಾ ಎಂದು ಫೋಟೋಗ್ರಾಫರ್ ನನ್ನನ್ನು ಕರೆದ.

“ಅಣ್ಣಾ, ಅಲ್ಲಿ ಕೋಟೆ ಅದ, ಕಾರಂಜಿ ಅದ. ಇಲ್ಲ್ಯಾಕ?” ಎಂದೆ.

“ಕೋಟೆ ಬ್ಯಾರೆ ಗುತ್ತೇದಾರಂದ್ರಿ ಅಕ್ಕಾರ. ಇದು ನಮ್ದು.”

ಗೋಡೆಗೆ ಕೂರಿಸಿದ ಫರಸಿಕಲ್ಲಿನ ಸಾಲನ್ನು ಬೆರಳಿನಿಂದ ತೋರಿಸಿದ. ಒಂದು ನೂಲಿನಷ್ಟೂ ಆಚೀಚೆ ಇರಲಿಲ್ಲ. “ಇದಕ್ಕ ಉಸುಕು ಹೊತ್ತಾಕಿ ಇಕೀನೇ” ಎಂದು ಹೆಂಡತಿಯ ಕಡೆ ನೋಡಿದ. ಅವಳು ತಲೆಯ ಮೇಲೆ ಸೆರಗು ಸರಿಮಾಡಿಕೊಂಡಳು. ಮುದುಕಿ ಗೋಡೆಯನ್ನು ಎರಡು ಸಲ ಸವರಿ, ಅದಕ್ಕೆ ಬೆನ್ನು ತಾಗಿಸದೆ ನಿಂತಳು. ಮಾಸೀತು ಎಂದು.

ಫೋಟೋಗ್ರಾಫರ್ ಅಲ್ಲಿ ನಿಂತದ್ದನ್ನು ನೋಡಿ ಉಳಿದವರು ಅದೇ ಒಳ್ಳೆಯ ಜಾಗ ಇರಬೇಕು ಎಂದುಕೊಂಡರು. ಸಾಲು ಹಚ್ಚಿದರು. ಮಧ್ಯಾಹ್ನದವರೆಗೂ ಸಾಲು ಕರಗಲಿಲ್ಲ.

ಸಂಜೆ ಮ್ಯಾನೇಜರ್ ಫೋಟೋಗಳನ್ನೆಲ್ಲ ಒಂದೊಂದಾಗಿ ತಿರುವಿ ಹಾಕಿ, ಫೋಟೋಗ್ರಾಫರನನ್ನು ಕರೆಸಿ ಮೆಲ್ಲಗೆ ಹೇಳಿದರು: “ನಿನಗೆ ಹೊಟ್ಟೆ ಸರಿ ಇಲ್ಲದಿದ್ದರೆ ರಜೆ ಕೇಳಬೇಕಿತ್ತು.”

ನಾವಲ್ಲ

ವಿಜಾಪುರ ಕಡೆಯ ಒಂದು ಮನೆಯವರು ಬಂದಿದ್ದರು. ಅತ್ತೆ, ಸೊಸೆ, ನಡುವೆ ಮಗ. ಬೆಳಿಗ್ಗೆಯಿಂದ ಅತ್ತೆ ಸೊಸೆ ಒಬ್ಬರಿಗೊಬ್ಬರು ಮಾತಾಡಿರಲಿಲ್ಲವಂತೆ. ಬುತ್ತಿಯ ಚಪಾತಿ ಒಣಗಿದ್ದಕ್ಕೆ ಯಾರು ಕಾರಣ ಎಂಬ ವಿಷಯ.

ಡ್ರ್ಯಾಗನ್ ಗಾಡಿಯಲ್ಲಿ ಒಂದು ಸೀಟಿಗೆ ಇಬ್ಬರು. ಮಗ ಹಿಂದಿನ ಸೀಟಿನಲ್ಲಿ ಒಬ್ಬನೇ ಕೂತುಬಿಟ್ಟ. ಮುಂದೆ ಅವರಿಬ್ಬರೇ ಕೂರಬೇಕಾಯಿತು. ಫೋಟೋದಲ್ಲಿ ಸೊಸೆಯ ಮುಖ ಕಾಣುವುದಿಲ್ಲ. ಅದು ಅತ್ತೆಯ ಕೊರಳಿನಲ್ಲಿ ಹುದುಗಿದೆ. ಅತ್ತೆಯ ಎರಡೂ ಕೈ ಸೊಸೆಯ ಬೆನ್ನ ಮೇಲಿವೆ. ತವರಿಗೆ ಬಂದ ಮಗಳನ್ನೂ ಯಾರೂ ಹಾಗೆ ತಬ್ಬಿಕೊಳ್ಳುವುದಿಲ್ಲ.

ಬೋರ್ಡಿನ ಮುಂದೆ ಇಬ್ಬರೂ ಬಹಳ ಹೊತ್ತು ನಿಂತರು.

“ಇದು ನಾವಲ್ಲ” ಎಂದರು ಅತ್ತೆ.

“ಹೌದ್ರಿ ಅತ್ತಿ, ನಾವಲ್ಲ” ಎಂದಳು ಸೊಸೆ.

ಸ್ವಲ್ಪ ಹೊತ್ತಿಗೆ ಅತ್ತೆ ಒಬ್ಬರೇ ಬಂದರು. “ಆ ಫೋಟೋ ಒಂದು ಕೊಡವ್ವಾ. ಅಕಿ ಮುಂದ ಹೇಳಬ್ಯಾಡ.” ಬ್ಲೌಸಿನಲ್ಲಿ ಮಡಚಿ ಇಟ್ಟುಕೊಂಡು ಹೋದರು. ಆಮೇಲೆ ಸೊಸೆ ಬಂದಳು. “ಅತ್ತಿಗಿ ಗೊತ್ತಾಗಬಾರದ್ರಿ” ಎಂದು ಖಾಲಿ ಬುತ್ತಿಡಬ್ಬಿಯಲ್ಲಿ ಹಾಕಿಕೊಂಡಳು. ಎರಡನೆಯ ಪ್ರತಿ ನಾನು ಬೋರ್ಡಿನಿಂದ ಕಿತ್ತು ಕೊಡಬೇಕಾಯಿತು.

ಬಾಗಿಲು ಮುಚ್ಚುವ ಹೊತ್ತಿಗೆ ಮಗ ಬಂದ. ಫೋಟೋ ಮುಗಿದಿದೆ, ಬೇಕಾದರೆ ಮತ್ತೆ ತೊಳೆಸಬೇಕು ಎಂದೆ.

“ತೊಳಸ್ರಿ. ನಾಕು ಪ್ರತಿ ಮಾಡಿಸ್ರಿ” ಎಂದ.

“ನಾಕು ಯಾಕ್ರಿ?”

“ಒಂದು ಗ್ವಾಡಿಗಿ ಹಾಕ್ತೀನ್ರಿ. ಉಳಿದದ್ದು, ಅವ್ರು ಹರದಂಗ ಹರದಂಗ ಹಾಕಾಕ.”

ಕುರಕುಂಭದ ಡ್ಯೂಟಿ

ನಮ್ಮ ಯಜಮಾನರು ಶಿವಾಜಿನಗರದ ಒಂದು ಆಫೀಸಿನಲ್ಲಿ ಕ್ಲರ್ಕು. ಅವರ ಕಂಪನಿಯ ರಾಸಾಯನಿಕದ ಕಾರ್ಖಾನೆ ಊರಿಂದ ದೂರ ಕುರಕುಂಭದಲ್ಲಿತ್ತು. ತಿಂಗಳಿಗೊಮ್ಮೆ ಕಾಗದಪತ್ರ ಹಿಡಿದು ಅಲ್ಲಿಗೆ ಹೋಗುತ್ತಿದ್ದರು. ನನ್ನ ವಾರದ ರಜೆ ಮಂಗಳವಾರ. ಒಂದು ಮಂಗಳವಾರ ಅವರು “ಕುರಕುಂಭಕ್ಕ ಹೋಗಿ ಬರ್ತೀನಿ” ಎಂದು ಹೊರಟರು. ಅವರು ಹೋದ ಮೇಲೆ ಪಕ್ಕದ ಮನೆಗೆ ಫೋನು ಬಂತು. ಕೌಂಟರಿನ ಇನ್ನೊಬ್ಬಾಕೆಗೆ ಜ್ವರ, ನೀನೇ ಬಾ ಎಂದು. ಹೋದೆ.

ಮಧ್ಯಾಹ್ನದ ಫೋಟೋಗಳನ್ನು ಬೋರ್ಡಿಗೆ ಹಚ್ಚುತ್ತಿದ್ದೆ. ಮೂರನೆಯ ಸೀಟಿನಲ್ಲಿ ಯಜಮಾನರು. ಜೇಬಿನಲ್ಲಿ ಪೆನ್ನು, ಕಣ್ಣು ಮುಚ್ಚಿಕೊಂಡಿದ್ದಾರೆ, ಪಕ್ಕದ ಕಾಲೇಜು ಹುಡುಗನ ತೋಳನ್ನು ಎರಡೂ ಕೈಯಿಂದ ಹಿಡಿದಿದ್ದಾರೆ. ನಿಜ ಹೇಳುತ್ತೇನೆ, ನಾನು ಮೊದಲು ಹಿಂದೆ ಮುಂದೆ ಯಾವುದಾದರೂ ಹೆಂಗಸು ಕೂತಿದ್ದಾಳೋ ಎಂದು ನೋಡಿದೆ. ಯಾರೂ ಇರಲಿಲ್ಲ. ಮುಂದಿನ ರೋಲಿನಲ್ಲೂ ಅವರೇ. ಅದರ ಮುಂದಿನದರಲ್ಲೂ. ಒಟ್ಟು ನಾಲ್ಕು ಸಲ ಹತ್ತಿದ್ದರು.

ಸಂಜೆ ಊಟಕ್ಕೆ ಬಡಿಸುತ್ತ ಕೇಳಿದೆ: “ಕುರಕುಂಭದಾಗ ಹೆಂಗಿತ್ರಿ?”

“ಅದೇ, ಆ ವಾಸನಿ. ತಲಿ ತಿರಗ್ತದ.”

“ನಾಕು ಸಲ ತಿರಗಿರಬೇಕಲ್ಲ” ಎಂದು ರೊಟ್ಟಿಯ ಪಕ್ಕದಲ್ಲಿ ನಾಲ್ಕೂ ಫೋಟೋ ಇಟ್ಟೆ.

ಅವರು ಆ ರೊಟ್ಟಿ ಮುಗಿಸಿದರು. ಆಮೇಲೆ ಹೇಳಿದರು. ಹಿಂದಿನ ವರ್ಷ ಮಗಳ ಹುಟ್ಟುಹಬ್ಬಕ್ಕೆ ಪಾರ್ಕಿಗೆ ಹೋದಾಗ, ‘ನಮ್ಮ ಪಪ್ಪ ಹತ್ತೂದಿಲ್ಲ, ಬ್ಯಾಗ್ ಹಿಡಕೊಂಡು ನಿಂದರ್ತಾರ’ ಎಂದು ಅವಳು ಗೆಳತಿಯರಿಗೆ ಹೇಳಿದ್ದನ್ನು ಇವರು ಕೇಳಿಸಿಕೊಂಡಿದ್ದರು. ಬರುವ ರವಿವಾರ ಮತ್ತೆ ಹುಟ್ಟುಹಬ್ಬ. ಅದಕ್ಕೆ ರಜೆ ಹಾಕಿ, ನಾನು ಇಲ್ಲದ ದಿನ ನೋಡಿ, ರೂಢಿ ಮಾಡಿಕೊಳ್ಳಲು ಹೋಗಿದ್ದರು. ನಾನು ಫೋಟೋಗಳನ್ನು ತೆಗೆದು ಬೀರುವಿನಲ್ಲಿಟ್ಟೆ. ಇನ್ನೊಂದು ರೊಟ್ಟಿ ಹಾಕಿದೆ.

ರವಿವಾರ ಅವರು ಮಗಳ ಪಕ್ಕದಲ್ಲಿ ಕೂತು ಹೋದರು. ಆ ಫೋಟೋದಲ್ಲಿ ಅವರದು ರೇಷನ್ ಕಾರ್ಡಿನ ಮುಖ. ಅಲ್ಲಾಡಿಲ್ಲ, ನಕ್ಕಿಲ್ಲ. ಮುಖ ಮುಚ್ಚಿಕೊಂಡಿರುವವಳು ಮಗಳು.

“ಪಪ್ಪಾ, ನಿಮಗ ಹೆದರಿಕಿ ಆಗಲಿಲ್ಲ?” ಎಂದು ಇಳಿದ ಮೇಲೆ ಅವಳು ಕೇಳಿದಳು.

“ಇದರಾಗೇನದ ಹೆದರಾಕ” ಎಂದರು.

ಮಗಳಿಗೆ ಬಹಳ ಅಭಿಮಾನವಾಯಿತು. ಗೆಳತಿಯರನ್ನೆಲ್ಲ ಕರೆದು, “ನಮ್ಮ ಪಪ್ಪ ನಿಮ್ಮ ಜೋಡಿನೂ ಕೂಡ್ತಾರ, ಒಬ್ಬೊಬ್ಬರೇ ಬರ್ರಿ” ಎಂದಳು. ಗೆಳತಿಯರು ಏಳು ಮಂದಿ ಇದ್ದರು.

ಕೂದಲು

ಇದು ಪಾರ್ಕು ಮುಚ್ಚಿದ ಮೇಲಿನದು. ಡಬ್ಬಿಗಳು ನನ್ನ ಹತ್ತಿರ ಇವೆ ಎಂದು ಯಾರೋ ಹೇಳಿ, ಒಬ್ಬರು ಸ್ಕೂಟರಿನ ಮೇಲೆ ಮಗನನ್ನು ಕೂರಿಸಿಕೊಂಡು ಮನೆಗೆ ಬಂದರು. ತಲೆ ಪೂರ್ತಿ ಬೋಳು. ಕಾಲೇಜಿನಲ್ಲಿದ್ದಾಗ ತನಗೆ ಹೆಗಲವರೆಗೆ ಕೂದಲಿತ್ತು, ಮಗ ನಂಬುವುದಿಲ್ಲ, ಮನೆಯಲ್ಲಿದ್ದ ಹಳೆಯ ಫೋಟೋಗಳೆಲ್ಲ ಮನೆ ಬದಲಿಸುವಾಗ ಕಳೆದುಹೋದವು, ಆದರೆ ಪಾರ್ಕಿಗೆ ಬಂದದ್ದು ಚೆನ್ನಾಗಿ ನೆನಪಿದೆ ಎಂದರು.

ನೆಲದ ಮೇಲೆ ಚಾಪೆ ಹಾಸಿ ಮೂವರೂ ಹುಡುಕಿದೆವು. ಎರಡು ಸಲ ಚಹಾ ಆಯಿತು. ಮೂರನೆಯ ಡಬ್ಬಿಯಲ್ಲಿ ಸಿಕ್ಕಿತು. ಅವರೇ, ಅದೇ ಮೂಗು, ಅದೇ ಹುಬ್ಬು. ಮಗ ಫೋಟೋ ಇಸಿದುಕೊಂಡು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ.

ಅವತ್ತು ಅವರು ಕೊರಳವರೆಗೆ ಮುಚ್ಚುವ ಮಂಗನ ಟೊಪ್ಪಿಗೆ ಹಾಕಿಕೊಂಡಿದ್ದರು.

ಹಳದಿ ಚೂಡಿದಾರ

ಈ ಫೋಟೋಕ್ಕೆ ಕಾರಣ ನಾನೇ.

ನಮ್ಮ ಭಜನೆ ಮಂಡಳಿಯಲ್ಲಿ ನಾವೆಲ್ಲ ವೈನಿ, ಅಂದರೆ ಅತ್ತಿಗೆ, ಎಂದು ಕರೆಯುವವರೊಬ್ಬರಿಗೆ ಮಗನ ಮದುವೆ ಮಾಡಬೇಕಿತ್ತು. ಅವರದು ಕಿರಾಣಿ ಅಂಗಡಿ. ಯಜಮಾನರ ಆಫೀಸಿನವರೊಬ್ಬರಿಗೆ ಮಗಳಿದ್ದಳು. ಆ ಹುಡುಗಿಯನ್ನು ಆಗಲೇ ಮೂವರು ನೋಡಿಹೋಗಿದ್ದರು. ‘ಇನ್ನ ಮ್ಯಾಲ ಯಾರ ಮುಂದೂ ಉಪ್ಪಿಟ್ಟಿನ ತಾಟು ಹಿಡಿಯಾಂಗಿಲ್ಲ’ ಎಂದು ಅವಳು ಕೂತಿದ್ದಳು. ಹಾಗಾದರೆ ಎರಡೂ ಕಡೆಯವರು ಪಾರ್ಕಿಗೆ ಬನ್ನಿ ಎಂದೆ. ಮೊದಲ ದಿನ ಮಾತು ಬೇಡ, ದೂರದಿಂದ ನೋಡಿಕೊಳ್ಳಿ, ಒಪ್ಪಿಗೆಯಾಗದಿದ್ದರೂ ಯಾರ ಮನಸ್ಸೂ ನೋಯುವುದಿಲ್ಲ. ಗುರುತಿಗೆ, ಹುಡುಗಿ ಹಳದಿ ಚೂಡಿದಾರ ಹಾಕಿಕೊಂಡು ಹನ್ನೊಂದಕ್ಕೆ ಆನೆಯ ಕಾರಂಜಿಯ ಹತ್ತಿರ ಇರುತ್ತಾಳೆ.

ಅವತ್ತು ಕೌಂಟರಿನಲ್ಲಿ ಗದ್ದಲ, ನನಗೆ ತಲೆ ಎತ್ತಲಾಗಲಿಲ್ಲ. ಮಧ್ಯಾಹ್ನ ವೈನಿ ಬಂದು ಡ್ರ್ಯಾಗನ್ ಗಾಡಿಯ ಒಂದು ಫೋಟೋ ತೆಗೆದುಕೊಂಡು, ಕಣ್ಣಲ್ಲೇ ನಕ್ಕು ಹೋದರು. ಕೆಲಸ ಆಯಿತು ಎಂದುಕೊಂಡೆ.

ಎಂಟು ದಿನದ ಮೇಲೆ ಹುಡುಗಿಯ ತಂದೆ ಯಜಮಾನರಿಗೆ ಹೇಳಿದರಂತೆ: “ಹುಡುಗನ ಕಡ್ಯಾವ್ರಿಗಿ ಭಾಳ ಸೊಕ್ಕರಿ. ಇಡೀ ದಿನ ನಮ್ಮ ಕಡೆ ಯಾರೂ ತಿರಗಿ ಸುದ್ದಾ ನೋಡ್ಲಿಲ್ಲ.” ಅದೇ ಸಂಜೆ ವೈನಿ ಮಗನನ್ನು ಎಳೆದುಕೊಂಡು ನಮ್ಮ ಮನೆಗೆ ಬಂದರು. ಅವರ ಕಣ್ಣಲ್ಲಿ ನೀರಿತ್ತು.

“ನೀವೇ ಹೇಳ್ರಿ ಇವಗ. ಎಂಥಾ ಹುಡುಗಿ. ಅಜ್ಜೀನ ಕೈ ಹಿಡಿದು ಮೆಟ್ಟಲಾ ಹತ್ತಸ್ತಿದ್ಲು, ಸಣ್ಣ ಕೂಸಿನ ಮೂಗು ಒರಸ್ತಿದ್ಲು. ಹುಬ್ಬಳ್ಳಿಗೆ ಮಾವನವ್ರಿಗೆ ಫೋಟೋ ಕಳಿಸಿದ್ದೆ, ಅವರೂ ಹೂಂ ಅಂದ್ರು. ಇಂವ ಒಲ್ಲೆ ಅಂತಾನ. ಯಾಕಂದ್ರ ಬಾಯಿ ಬಿಡವಲ್ಲ.”

ಹುಡುಗ ನೆಲ ನೋಡುತ್ತ ಕೂತಿದ್ದ. ಎರಡೂ ಮನೆಯವರು ನನ್ನ ಮಾತಿನ ಮೇಲೆ ಬಂದವರು. ಮರುದಿನ ಬೋರ್ಡಿನ ಪ್ರತಿಗಳ ಕಟ್ಟನ್ನು ಪಾರ್ಕಿನಿಂದ ಕೇಳಿಕೊಂಡು ತಂದೆ. ವೈನಿಯನ್ನೂ ಹುಡುಗನನ್ನೂ ಮತ್ತೆ ಕರೆಸಿದೆ. ವೈನಿ ಫೋಟೋದ ಮೇಲೆ ಬೆರಳಿಟ್ಟು ತೋರಿಸಿದರು. ಹಳದಿ ಚೂಡಿದಾರದ ಹುಡುಗಿ, ಲಕ್ಷಣವಾಗಿದ್ದಳು.

“ವೈನಿ, ಇಕಿ ನಮ್ಮ ಹುಡುಗಿ ಅಲ್ಲ.”

“ಮತ್ತ ಯಾರು?”

“ನನಗ ಗೊತ್ತಿಲ್ರಿ.”

“ಹಂಗ್ಯಾಕಂತೀರಿ. ಬಾಜೂಕ ಅಕಿ ಅಣ್ಣನೂ ಅದಾನ ನೋಡ್ರಿ. ತಂಗಿ ಮ್ಯಾಲ ಎಷ್ಟು ಜೀವ ಇಟ್ಟಾನ, ಹೆಗಲ ಮ್ಯಾಲಿನ ಕೈ ತಗೀಲೇ ಇಲ್ಲ.”

ನಾನು ಫೋಟೋ ಹತ್ತಿರ ಹಿಡಿದು ನೋಡಿದೆ. ಆ ಹುಡುಗಿಯ ಕೊರಳಲ್ಲಿ ಕರಿಮಣಿ ಇತ್ತು. ಮೂಗು ಒರೆಸಿಸಿಕೊಂಡ ಕೂಸು ಅವಳದೇ ಇರಬೇಕು. ವೈನಿಗೆ ತೋರಿಸಿದೆ. ಅವರು ಸೆರಗಿನಿಂದ ಕನ್ನಡಕ ಒರೆಸಿ ಹಾಕಿಕೊಂಡು ನೋಡಿ, ಗೋಡೆಗೆ ಒರಗಿದರು.

ಹಾಗಾದರೆ ನಮ್ಮ ಹುಡುಗಿ ಎಲ್ಲಿ? ಕಟ್ಟನ್ನೆಲ್ಲ ಹುಡುಕಿ, ಕೊನೆಗೆ ನೋಡಿದರೆ ಅದೇ ಫೋಟೋದಲ್ಲಿ, ಹಿಂದಿನ ಸೀಟಿನಲ್ಲಿ ತಮ್ಮನ ಜೊತೆ ಕೂತಿದ್ದಾಳೆ. ಮೈಮೇಲೆ ಹಸಿರು. ಆಮೇಲೆ ತಿಳಿಯಿತು, ಹತ್ತೂವರೆಗೇ ಕಾರಂಜಿಯ ಹತ್ತಿರ ಕಾಲು ಜಾರಿ ನೀರಿಗೆ ಬಿದ್ದು, ಹಳದಿ ತೆಗೆದು ತಾಯಿ ತಂದಿದ್ದ ಹಸಿರು ಹಾಕಿಕೊಂಡಿದ್ದಳು.

“ಇಕಿನ್ರಿ” ಎಂದೆ.

ಅಷ್ಟು ಹೊತ್ತು ಸುಮ್ಮನಿದ್ದ ಹುಡುಗ ಎದ್ದು ಬಂದು ನೋಡಿದ. ಕಿವಿ ಕೆಂಪಾದವು.

“ಅವ್ವಾ, ನಾ ಒಲ್ಲೆ ಅಂದದ್ದು ಇಕಿ ಸಲುವಾಗಿನೇ.”

“ಅಂದ್ರ?”

“ಗಾಡಿ ಹತ್ತೂ ಸಾಲಿನ್ಯಾಗ ನನ್ನ ಮುಂದ ನಿಂತಿದ್ಲು. ತಮ್ಮನ್ನ ಕನ್ನಡದಾಗ ಬೈಯಾಕತ್ತಿದ್ಲು. ಭಾಳ ಚೊಲೋ ಬೈದ್ಲು. ನೀ ತೋರಿಸಿದ್ದು ಹಳದಿ. ನನಗ ಹಿಡಿಸಿದ್ದು ಹಸಿರು. ನಿನಗ ಹೆಂಗ ಹೇಳ್ಲಿ?”

ವೈನಿ ಹಣೆಗೆ ಕೈ ಹಚ್ಚಿದರು. ಆಮೇಲೆ ನಾನೂ ಯಜಮಾನರೂ ಹುಡುಗಿಯ ಮನೆಗೆ ಹೋಗಿ, ಸೊಕ್ಕಲ್ಲ, ಕನ್ನಡಕದ ತಪ್ಪು ಎಂದು ತಿಳಿಸಿ ಹೇಳಿದೆವು. ನಾವು ಒಯ್ದಿದ್ದ ಹುಡುಗನ ಫೋಟೋವನ್ನು ಹುಡುಗಿ ಇಸಿದುಕೊಂಡು ನೋಡಿದಳು. “ಇಂವ ಏನು? ನಾ ತಮ್ಮನ್ನ ಬೈಯೂದು ಕೇಳಿ ನಗಾಕತ್ತಿದ್ದಂವ” ಎಂದಳು. ಬೇಡ ಎನ್ನಲಿಲ್ಲ.

ಲಗ್ನದ ಮಾತಾಯಿತು. ಎಲ್ಲ ಮುಗಿದ ಮೇಲೆ ವೈನಿಗೆ ನೆನಪಾದದ್ದು ಹುಬ್ಬಳ್ಳಿಯ ಮಾವನವರು. ಅವರಿಗೆ ಕಳಿಸಿದ್ದು ಹಳದಿಯ ಫೋಟೋ. ಅದನ್ನವರು ದೇವರ ಕೋಣೆಯ ಗೋಡೆಯ ಮಾಡದಲ್ಲಿಟ್ಟು, ಬಂದವರಿಗೆಲ್ಲ ‘ನಮ್ಮ ಮೊಮ್ಮಗನ ಹೆಂಡತಿ’ ಎಂದು ತೋರಿಸುತ್ತಿದ್ದರು. ಎಂಬತ್ತು ದಾಟಿದ ಜೀವ, ಸಿಟ್ಟು ಜಾಸ್ತಿ. ಪರರ ಹೆಂಡತಿಯನ್ನು ಮಾಡದಲ್ಲಿ ಇಟ್ಟುಕೊಂಡಿದ್ದೀರಿ ಎಂದು ಅವರಿಗೆ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಲಗ್ನದ ದಿನದವರೆಗೂ ಹೇಳಲಿಲ್ಲ.

ಅಕ್ಷತೆ ಬಿದ್ದ ಮೇಲೆ ಮೊಮ್ಮಗನೂ ಹುಡುಗಿಯೂ ಅಜ್ಜನ ಕಾಲಿಗೆ ಬಿದ್ದರು. ಅಜ್ಜ ಹುಡುಗಿಯ ಗದ್ದ ಹಿಡಿದು ಎತ್ತಿ, ಬಹಳ ಹೊತ್ತು ನೋಡಿದರು. ವೈನಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಅಜ್ಜ ನಮ್ಮ ಕಡೆ ತಿರುಗಿದರು.

“ಆ ಫೋಟೋ ತಗದಂವ ಯಾರು?” ಎಂದರು. “ಅವನ ಕೆಲಸಾ ಬಿಡಸ್ರಿ. ಹುಡುಗಿ ಒಂಚೂರೂ ಹಂಗ ಕಾಣೂದಿಲ್ಲ.”