ಎಡಿಟರಕ್ಕನೂ ಚಿಗಟೇರಿ ಮದುವೆಯೂ

ಹಗರಿಬೊಮ್ಮನಹಳ್ಳಿಯಲ್ಲಿ ಎಲ್ಲರಿಗಿಂತ ಅಪಾಯಕಾರಿ ಯಾರು ಎಂದು ಕೇಳಿ ನೋಡಿ. ಜನ ರೌಡಿಗಳನ್ನು ತೋರಿಸುವುದಿಲ್ಲ, ನಮ್ಮಕ್ಕನನ್ನು ತೋರಿಸುತ್ತಾರೆ! ಅವಳ ಚಪ್ಪಲಿಯ ಸಪ್ಪಳ ಕೇಳಿದರೆ ಸಾಕು, ಕಚೇರಿಯಲ್ಲಿ ಮೊಬೈಲ್ ನೋಡುತ್ತಿದ್ದವರು ಗಡಿಬಿಡಿಯಿಂದ ಕಡತ ಬಿಚ್ಚುತ್ತಾರೆ. ಕಡತ ತಲೆಕೆಳಗಾಗಿರುತ್ತದೆ, ಅದು ಬೇರೆ ಮಾತು.

ನಮ್ಮಕ್ಕ ಒಂದು ವಾರಪತ್ರಿಕೆ ನಡೆಸುತ್ತಾಳೆ. ದೊಡ್ಡದೇನಲ್ಲ, ಒಂದೇ ಹಾಳೆ, ನಡುವೆ ಒಂದು ಮಡಿಕೆ. ಸಂಪಾದಕಿ ಅವಳೇ, ವರದಿಗಾರ್ತಿ ಅವಳೇ, ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಎಂದು ಬಸ್ಸು ಹತ್ತಿಳಿದು ಮಾರುವವಳೂ ಅವಳೇ. ಓದಿ ಬೈಯುವವರು ಮಾತ್ರ ಬೇರೆಯವರು. ನಾನೋ ಏಳನೇ ತರಗತಿಗೆ ಶಾಲೆಗೆ ಕೈಮುಗಿದವನು. ಬಸ್ ನಿಲ್ದಾಣದ ಎದುರು ನನ್ನದೊಂದು ಮಂಡಕ್ಕಿ-ಮಿರ್ಚಿ ಅಂಗಡಿ ಇದೆ.

ಒಡಹುಟ್ಟಿದವನೆಂಬ ದಯೆ ಅವಳ ಪತ್ರಿಕೆಗೆ ಇರಲಿಲ್ಲ. ಒಂದು ವಾರ ಮುಖಪುಟದಲ್ಲೇ ಬರೆದಳು: ಬಸ್ ನಿಲ್ದಾಣದ ಎದುರಿನ ಮಿರ್ಚಿ ಅಂಗಡಿಯ ಎಣ್ಣೆ ಡಾಂಬರಿನಂತಿದೆ, ತಿನ್ನುವವರು ಎಚ್ಚರ! ನಾನು ಅದನ್ನು ಓದಿರಲಿಲ್ಲ. ಮಾರಾಟವಾಗದೆ ಉಳಿದ ಅವಳ ಪತ್ರಿಕೆಗಳಲ್ಲೇ ಮಿರ್ಚಿ ಕಟ್ಟಿಕೊಡುವುದು ನನ್ನ ಪದ್ಧತಿ. ಗಿರಾಕಿಗಳು ಮಿರ್ಚಿ ತಿಂದು ಮುಗಿಸಿ, ಎಣ್ಣೆಯಲ್ಲಿ ತೊಯ್ದ ಕಾಗದದಲ್ಲಿ ಸುದ್ದಿ ಓದಿ, ನನ್ನ ಮುಖ ನೋಡಿದರು. ಜಗಳಕ್ಕೆ ಹೋದೆ.

"ಯಕ್ಕಾ, ಸ್ವಂತ ತಮ್ಮನ ಹೊಟ್ಟಿ ಮ್ಯಾಲೆ ಹೊಡಿತಿಯಲ್ಲ?"

"ಊರ ಮಂದಿ ಹೊಟ್ಟಿ ಮ್ಯಾಲೆ ನೀ ಹೊಡ್ಯಾಕತ್ತಿದ್ಯಲ್ಲಲೇ! ಎಣ್ಣಿ ಬದಲಿ ಮಾಡು, ಅದನ್ನೂ ಬರಿತೀನಿ."

ಬದಲಿಸಿದೆ. ಬರೆದಳು, ಕೊನೆಯ ಪುಟದ ಮೂಲೆಯಲ್ಲಿ, ಇರುವೆಯಂಥ ಅಕ್ಷರದಲ್ಲಿ!

ಮರಳು ಲಾರಿಗಳ ಬಗ್ಗೆ ಬರೆದದ್ದಕ್ಕೆ ಒಮ್ಮೆ ಅವಳನ್ನು ಠಾಣೆಯ ಬೆಂಚಿನ ಮೇಲೆ ದಿನವಿಡೀ ಕೂರಿಸಿದ್ದರು. ಬೇರೆಯವರಾದರೆ ಆ ದಿನವನ್ನು ಮರೆಯುತ್ತಿದ್ದರು. ನಮ್ಮಕ್ಕ ಪ್ರತಿ ವರ್ಷ ಅದೇ ದಿನ ರೇಷ್ಮೆ ಸೀರೆ ಉಟ್ಟು, ಪೇಢಾ ಹಿಡಿದು, ಅದೇ ಬೆಂಚಿನ ಮೇಲೆ ಹೋಗಿ ಕೂರುತ್ತಾಳೆ. ಹೊಸದಾಗಿ ಬಂದ ಸಾಹೇಬರೊಬ್ಬರು ಗಾಬರಿಯಾಗಿ, "ಏನಮ್ಮಾ, ಏನ್ ಕಂಪ್ಲೇಂಟು?" ಎಂದರಂತೆ.

"ಕಂಪ್ಲೇಂಟ್ ಏನಿಲ್ರಿ ಸಾಹೇಬ್ರ, ವಾರ್ಷಿಕೋತ್ಸವ ಐತಿ. ಪೇಢಾ ತಗೊಳ್ರಿ."

ಇಂಥವಳ ತಮ್ಮ ಹೇಗಿರಬೇಕು? ಹುಲಿಯಂತಿರಬೇಕು, ಅಲ್ಲವೇ? ಕೇಳಿ, ಹೇಗಿದ್ದೆನೆಂದು.

ಹರಪನಹಳ್ಳಿ ಕಡೆಯ ಚಿಗಟೇರಿಯಲ್ಲಿ ನನ್ನ ಹೆಂಡತಿಯ ಚಿಕ್ಕಪ್ಪನ ಮಗನಿದ್ದಾನೆ. ಅವನು ಹತ್ತನೇ ತರಗತಿ ಓದುತ್ತಿದ್ದ ಮಗಳಿಗೆ ಗುಟ್ಟಾಗಿ ಮದುವೆ ಗೊತ್ತು ಮಾಡಿದ. ಮಿರ್ಚಿ ಕರಿಯಲು ನನ್ನನ್ನೇ ಕರೆದ. "ಭಾವ, ನಿಮ್ಮಕ್ಕಗ ಮಾತ್ರ ಗೊತ್ತಾಗಬಾರ್ದು ನೋಡು" ಎಂದ. ಆ ವಾರವೇ ಅಕ್ಕ ಅಂಗಡಿಗೆ ಬಂದು, "ಚಿಗಟೇರಿ ಕಡಿ ಯಾವುದಾರ ಸಣ್ಣ ಹುಡುಗಿ ಮದುವಿ ಐತೇನಲೇ ತಮ್ಮಾ?" ಎಂದು ಕೇಳಿದಳು. ನಾನು ಹಿಟ್ಟು ಕಲಸುತ್ತಾ, "ಇಲ್ಲಲ್ಲ ಯಕ್ಕಾ" ಎಂದೆ. ಆ ಹುಡುಗಿ ನನ್ನನ್ನು "ಮಾಮಾ" ಎಂದು ಕರೆಯುವವಳು, ಹಬ್ಬಕ್ಕೆ ಬಂದಾಗಲೂ ಗಣಿತದ ಪುಸ್ತಕ ತರುವವಳು. ಅಷ್ಟು ಗೊತ್ತಿದ್ದೂ ಸುಳ್ಳು ಹೇಳಿದೆ. ಹೆಂಡತಿಯ ತವರು ಕೆಡಬಾರದಲ್ಲ!

ಮದುವೆಯ ದಿನ ಹಿತ್ತಲಲ್ಲಿ ನನ್ನ ಬಾಣಲೆ ಕಾಯುತ್ತಿತ್ತು. ಪಕ್ಕದಲ್ಲೇ ಓಣಿಯ ಹೆಂಗಸರು ಸಾಲಾಗಿ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದರು. ನಮ್ಮ ಕಡೆ ಮದುವೆಮನೆಗೆ ರೊಟ್ಟಿ ಬಡಿಯಲು ಬಂದವಳನ್ನು ನೀನು ಯಾರು ಎಂದು ಯಾರೂ ಕೇಳುವುದಿಲ್ಲ; ಬಂದ ಕೈ ದೇವರ ಕೈ. ಎಲ್ಲರ ರೊಟ್ಟಿ ಚಂದ್ರನಂತೆ ಬರುತ್ತಿತ್ತು. ಮುಖದ ತನಕ ಸೆರಗು ಎಳೆದುಕೊಂಡಿದ್ದ ಒಬ್ಬಳದು ಮಾತ್ರ ಮೂರು ಮೂಲೆಯಾಗಿ, ನಡುವೆ ಹರಿದು, ಒಂದು ಕಡೆ ಕರಕಾಗಿ ಬರುತ್ತಿತ್ತು. ಜಗತ್ತಿನಲ್ಲಿ ಅಂಥ ರೊಟ್ಟಿ ಬಡಿಯುವವಳು ಒಬ್ಬಳೇ! ನನ್ನ ಕೈಯ ಜಾಲರಿ ಸೌಟು ಎಣ್ಣೆಗೆ ಬಿತ್ತು. ಸೆರಗಿನೊಳಗಿಂದ ಎರಡು ಕಣ್ಣು ನನ್ನನ್ನು ನೋಡಿದವು. ನನಗೆ ಎಲ್ಲ ಮೊದಲೇ ಗೊತ್ತಿತ್ತೆಂಬುದು ಆ ಕಣ್ಣಿಗೆ ಆಗಲೇ ಗೊತ್ತಾಯಿತು.

ಅಷ್ಟರಲ್ಲಿ ಅಕ್ಕ ಕೊಟ್ಟ ಸುದ್ದಿ ಹಿಡಿದು ಬಾಲ್ಯವಿವಾಹ ತಡೆಯುವ ಅಧಿಕಾರಿಗಳ ಜೀಪು ಬಂತು. ಮದುವೆ ನಿಂತಿತು. ಹುಡುಗಿಯ ಅಪ್ಪ ಸುದ್ದಿ ಕೊಟ್ಟವರನ್ನು ಹುಡುಕುತ್ತಾ ಹಿತ್ತಲಿಗೆ ನುಗ್ಗಿ, ಮುಖ ಮುಚ್ಚಿದ್ದ ಅಕ್ಕನ ಸೆರಗು ಜಗ್ಗಿದ. ಗುರುತು ಸಿಕ್ಕಿತು. ಗಂಡಸರೆಲ್ಲ ನನ್ನ ಸುತ್ತ ನಿಂತರು.

"ನೀನ ಕರಕೊಂಡು ಬಂದೀ ಹೌದಲ್ಲೋ ಭಾವ?"

"ಇಲ್ಲಪ್ಪಾ! ಆಕಿಗೂ ನನಗೂ ಸಂಬಂಧ ಇಲ್ಲ. ನನ್ನ ಪಾಲಿಗೆ ಆಕಿ ಎಂದೋ ಸತ್ತಾಳ" ಎಂದುಬಿಟ್ಟೆ.

ಅಕ್ಕ ಕೈಯ ಹಿಟ್ಟು ಝಾಡಿಸಿ ಎದ್ದಳು. "ಖರೇ ಹೇಳ್ತಾನ, ನನಗ ತಮ್ಮ ಅನ್ನಾವ ಇಲ್ಲ. ಅವನ್ನ ಮುಟ್ಟಬ್ಯಾಡ್ರಿ, ಏನಿದ್ರೂ ನನ್ನ ಕೇಳ್ರಿ" ಎಂದಳು. ಜನ್ಮದಲ್ಲಿ ಒಂದು ಸುಳ್ಳೂ ಅಚ್ಚು ಹಾಕದವಳು ನನ್ನ ಮೈಗೆ ಏಟು ಬೀಳದಿರಲೆಂದು ಎಲ್ಲರ ಎದುರು ಸುಳ್ಳು ಹೇಳಿದಳು. ಆಮೇಲೆ ನಾನು ನಾಚಿಕೆಯಿಂದ ಅವಳ ಮನೆ ಕಡೆ ಹಾಯಲಿಲ್ಲ.

ಆ ವಾರದ ಪತ್ರಿಕೆಯಲ್ಲಿ ಮದುವೆಯ ಸುದ್ದಿ ಪೂರ್ತಿ ಬಂತು. ಹುಡುಗಿ ಮತ್ತೆ ಶಾಲೆಗೆ ಹೋದದ್ದೂ ಬಂತು. ಪತ್ರಿಕೆ ಬಂದ ದಿನವೇ ಹೆಂಡತಿಯ ತವರಿನವರು ಅಂಗಡಿಗೆ ಬಂದರು. "ನಿಮ್ಮಕ್ಕ ಚಿಗಟೇರಿ ಬಸ್ಸಿನ್ಯಾಗ ಈ ಪೇಪರ್ ಮಾರ್ಲಿ ನೋಡೋಣ. ಹರಿದು ಆಕಿ ಕೈಯಾಗ ಕೊಡ್ತೀವಿ" ಎಂದರು. ನಾನು ಹಿಟ್ಟು ಕಲಸುತ್ತಲೇ ಇದ್ದೆ. ಆಮೇಲೆ ಏನಾಯಿತೋ, ಒಲೆ ಆರಿಸಿ, ಹಿಟ್ಟಿನ ಕೈಯಲ್ಲೇ ಹೊರಟೆ.

ಚಿಗಟೇರಿ ಬಸ್ಸು ನಿಂತಿತ್ತು. ಅಕ್ಕ ಕಟ್ಟು ಹೊತ್ತು ಒಬ್ಬಳೇ ಹತ್ತುತ್ತಿದ್ದಳು. ಒಳಗೆ ತವರಿನವರು ಮುಂದಿನ ಸೀಟುಗಳಲ್ಲೇ ಕೂತಿದ್ದರು. ನಾನು ಹಿಂದೆಯೇ ಹತ್ತಿ ಅವಳ ಕೈಯಿಂದ ಕಟ್ಟು ಕಿತ್ತುಕೊಂಡೆ. ಅವಳು ತಿರುಗಿ ನೋಡಿದಳು.

"ಪೇಪರ್... ಪೇಪರ್..." ಎಂದೆ. ಮುಂದಿನ ಸೀಟಿಗಷ್ಟೇ ಕೇಳಿಸಿತು.

"ಯಾರ ಪೇಪರಲೇ ಅದು?" ಹುಡುಗಿಯ ಅಪ್ಪ ಎದ್ದು ನಿಂತ.

"ನಮ್ಮಕ್ಕಂದು!" ಎಂದು ಕಿರುಚಿದೆ. "ಒಡಹುಟ್ಟಿದ ಅಕ್ಕಂದು! ಹರಿಯೋದಿದ್ರ ನನ್ನ ಹರಿ ಮೊದಲು!"

ಬಸ್ಸಿನವರೆಲ್ಲ ತಿರುಗಿ ಹುಡುಗಿಯ ಅಪ್ಪನನ್ನೇ ನೋಡಿದರು. ಅವನು ಕೂತ. ಅಕ್ಕ ಸೆರಗಿನ ತುದಿಯಿಂದ ನನ್ನ ಕೈಗಂಟಿದ್ದ ಹಿಟ್ಟು ಒರೆಸುತ್ತಾ, ನನಗಷ್ಟೇ ಕೇಳುವಂತೆ ಹೇಳಿದಳು:

"ಹಿಂದಿನ ಸೀಟಿನವ್ರಿಗೆ ಕೇಳಿಸಿಲ್ಲ. ಇನ್ನೊಂದು ಸಲ ಹೇಳಲೇ ತಮ್ಮಾ."