ಸಾವಿನ ಮನೆಯಲ್ಲಿ ನಾನಾಡಿದ ಸ್ಯಾಡ್

ನಾಲ್ಕು ಪುಸ್ತಕ ಓದಿದವರಿಗಿಂತ ಒಂದೇ ಪದ ಕಲಿತವರ ಗರ್ವ ದೊಡ್ಡದು. ಅದಕ್ಕೆ ನಾನೇ ಸಾಕ್ಷಿ, ಮಕ್ಕಳೇ. ನೀವು ಒಬ್ಬರಿಗೊಬ್ಬರು "ಯಾಕೆ ಸ್ಯಾಡ್ ಆಗಿದ್ದೀಯ?" ಎಂದಾಗಲೆಲ್ಲ ನಾನು ಎದ್ದು ಒಳಗೆ ಹೋಗುವುದೇಕೆಂದು ಇವತ್ತು ಬರೆದುಬಿಡುತ್ತೇನೆ. ಬಾಯಿಬಿಟ್ಟು ಹೇಳಲು ನಾಚಿಕೆ.

ಮದುವೆಯಾಗಿ ಬಳ್ಳಾರಿಗೆ ಬಂದಾಗ ನನ್ನ ಓದು ತವರೂರು ಕುರುಗೋಡಿನ ನಾಲ್ಕನೇ ಕ್ಲಾಸು. ನಿಮ್ಮ ತಾತ ಕಚೇರಿಯಲ್ಲಿ ಗುಮಾಸ್ತರು. ಇಂಗ್ಲಿಷರು ದೇಶ ಬಿಟ್ಟು ವರ್ಷವಾದ ಮೇಲೆ ನಾನು ಇಂಗ್ಲಿಷಿಗೆ ಕೈಹಾಕಿದೆ. ನಿಮ್ಮ ತಾತ ಕಲಿಸಿದ ಮೊದಲ ಪದ ಇದೇ. "ಮುಖ ಸಪ್ಪಗಿದ್ರೂ ಸ್ಯಾಡು, ಸುದ್ದಿ ಕೆಟ್ಟದಿದ್ರೂ ಸ್ಯಾಡು, ಯಾರರ ತೀರಿಕೊಂಡ್ರೂ ಸ್ಯಾಡೇ. ಒಂದು ಕಲಿತ್ರ ಮೂರು ಕಡೀ ನಡೀತೈತಿ ನೋಡು" ಎಂದರು. ನಾನು ಮೂರಕ್ಕೆ ನಿಲ್ಲಿಸಲಿಲ್ಲ. ಹಾಲು ಒಡೆದರೆ ಸ್ಯಾಡ್, ರೊಟ್ಟಿ ಹರಿದರೆ ಸ್ಯಾಡ್. ಸಿರುಗುಪ್ಪದಿಂದ ಬಂದಿಳಿದ ಅತ್ತೆಯ ಎದುರಿಗೂ ಒಮ್ಮೆ ಅಂದುಬಿಟ್ಟೆ. ಅತ್ತೆಗೆ ಅರ್ಥ ತಿಳಿಯದ್ದು ನನ್ನ ಪುಣ್ಯ.

ಆ ವರ್ಷವೇ ಕುರುಗೋಡಿನಲ್ಲಿ ನನ್ನ ಗೆಳತಿ ಹಂಪಮ್ಮನ ತಾಯಿ ತೀರಿಕೊಂಡರು. ನಮ್ಮವ್ವ ಹೊಲಕ್ಕೆ ಹೋದ ದಿನಗಳಲ್ಲಿ ನನಗೆ ಉಣ್ಣಿಸಿದವರು ಅವರೇ. ನಮ್ಮ ಕಡೆ ಸಾವಿನ ಮನೆಗೆ ಹೋದ ಹೆಂಗಸು ಮೊದಲು ತೀರಿಕೊಂಡವರ ಮಗಳ ಕೊರಳು ತಬ್ಬಬೇಕು, ಹೋದವರ ಗುಣ ಎತ್ತಿ ಎತ್ತಿ ಹೇಳಿ ಅಳಬೇಕು. ನನಗೋ ಪಟ್ಟಣದ ಬಿಗುಮಾನ. ಇಸ್ತ್ರಿ ಸೀರೆ ಮುದುಡೀತೆಂದು ಚಾಪೆಯ ತುದಿಯಲ್ಲಿ ಕುಳಿತು, ಸಣ್ಣ ದನಿಯಲ್ಲಿ "ಭಾಳ ಸ್ಯಾಡ್, ಹಂಪಮ್ಮ" ಎಂದೆ.

ತಬ್ಬಲು ಚಾಚಿದ್ದ ಅವಳ ತೋಳುಗಳು ಹಾಗೇ ನಿಂತವು. "ಏನಂದಿ?"

"ಇಂಗ್ಲೀಷ್ನಾಗ ದುಃಖ ಅಂತ."

"ನಮ್ಮವ್ವಗ ಇಂಗ್ಲೀಷ್ ಬರ್ತಿದ್ದಿಲ್ಲ. ನಿನಗ ಅಳಾಕರ ಬರ್ತಿತ್ತಲ್ಲ, ಅದನ್ನೂ ಮರತ್ಯೇನು?"

ಪಕ್ಕದ ಮುದುಕಿಯೊಬ್ಬಳು, "ಬಿಡವ್ವ, ಬಳ್ಳಾರ್ಯಾಗ ಕಣ್ಣೀರಿಗೂ ನಳ ಹಾಕ್ಸ್ಯಾರ. ಹೊತ್ತಾದ್ರ ತಾನ ಬರ್ತೈತಿ" ಎಂದಳು.

ಹಂಪಮ್ಮ ಮುಖ ತಿರುಗಿಸಿದಳು. ಇನ್ನು ಇವಳು ನನ್ನೊಡನೆ ಮಾತಾಡಲಾರಳು ಎನಿಸಿತು. ಎಲ್ಲ ಹೆಂಗಸರ ಕಣ್ಣೂ ನನ್ನ ಸೀರೆಯ ಮೇಲೆ. ನಾಚಿಕೆಗೆ ಅಳು ಉಕ್ಕಿ ಬಂತು. ಅವಳ ಕೊರಳಿಗೆ ಬಿದ್ದು ಎಷ್ಟು ಅತ್ತೆನೆಂದರೆ, ಕೊನೆಗೆ ಅವಳೇ ನನಗೆ ನೀರು ಕುಡಿಸಿ, "ಸಾಕು ಬಿಡಲೇ, ಎದಿ ಒಡದೀತು" ಎಂದಳು. ಅದೇ ಮುದುಕಿ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳಂತೆ: "ಅತ್ರ ಹಂಗ ಅಳಬೇಕು. ಹೊಟ್ಟಿಲೆ ಹುಟ್ಟಿದ ಮಗಳೂ ಅಷ್ಟು ಅಳಲಿಲ್ಲ!"

ಆ ಹೊಗಳಿಕೆಯನ್ನು ನಾನು ಹಿಂದಿರುಗಿಸಲಿಲ್ಲ. ಹಂಪಮ್ಮ ಇಂದಿಗೂ ಅದನ್ನು ನೆನೆದು ನನ್ನ ಕೈ ಹಿಡಿಯುತ್ತಾಳೆ. ಅಂದು ನಾನು ಅತ್ತದ್ದು ಅವಳ ತಾಯಿಗಾಗಿ ಅಲ್ಲ, ಹೋದ ನನ್ನ ಮಾನಕ್ಕಾಗಿ ಎಂದು ಅವಳಿಗೆ ಹೇಳಲು ನನಗೆ ಯಾವ ಭಾಷೆಯೂ ಬಂದಿಲ್ಲ.