ಮುಚ್ಚಳದ ಮೇಲಿನ ಹೆಸರು

ಕೊನೆಯ ಮುಚ್ಚಳದ ಮೇಲೆ ‘ಪಂಕಜಾ’ ಎಂಬ ಹೆಸರಿನ ಬಾಲ ಇನ್ನೂ ಮೂಡುತ್ತಿದ್ದಾಗ ಫೋನು ಗುಂಯ್‌ಗುಟ್ಟಿತು. ಪಂಕಜಾ ಅತ್ತ ನೋಡಲಿಲ್ಲ. ಲೇಸರ್ ಓಡುತ್ತಿರುವಾಗ ಕಣ್ಣು ಬೇರೆ ಕಡೆ ಹೋಗಬಾರದೆಂಬುದು ಅವಳು ತನಗೆ ತಾನೇ ಹಾಕಿಕೊಂಡ ನಿಯಮ. ಕಿತ್ತಳೆ ಬಣ್ಣದ ಕನ್ನಡಕದೊಳಗಿಂದ ನೋಡಿದರೆ ಒಂದು ಸಣ್ಣ ಚುಕ್ಕೆ ಸ್ಟೀಲಿನ ಮೇಲೆ ಹೋಗುತ್ತ ಬರುತ್ತ, ಇಸ್ತ್ರಿ ಮಾಡುವವನ ಕೈಯಷ್ಟೇ ನಿಧಾನವಾಗಿ, ಕಪ್ಪು ಅಕ್ಷರ ಎಬ್ಬಿಸುತ್ತಿತ್ತು.

ಗ್ಯಾರೇಜಿನಲ್ಲಿದ್ದ ಈ ಲೇಸರ್ ಕೆತ್ತನೆ ಯಂತ್ರ ತಂದವನು ಅವಳ ಗಂಡ ಗೋಪಿನಾಥ್. ಲಾಕ್‌ಡೌನಿನಲ್ಲಿ ತರಿಸಿ, ಒಂದು ಮರದ ಕೀಚೈನು ಕೊರೆದು, ಅದನ್ನು ತಾವಿದ್ದ ಮೀರಾ ಮೆಸಾ ಬಡಾವಣೆಯ ಗೆಳೆಯರಿಗೆಲ್ಲ ತೋರಿಸಿ, ಯಂತ್ರಕ್ಕೆ ಹಳೆಯ ಬೆಡ್‌ಶೀಟು ಹೊದಿಸಿದ್ದ. ಬೆಡ್‌ಶೀಟು ಒಗೆಯಲು ತೆಗೆದ ದಿನ ಪಂಕಜಾ ಅದನ್ನು ಮುಟ್ಟಿದಳು. ಆಮೇಲೆ ಬಿಡಲಿಲ್ಲ. ಈಗ ಗೋಪಿನಾಥನಿಗೆ ಗ್ಯಾರೇಜಿನಲ್ಲಿ ಕಾರು ನಿಲ್ಲಿಸುವ ಆಸೆ ಬಂದಿತ್ತು. ಯಂತ್ರ ಮಾರಿಬಿಡೋಣ ಎಂದು ವಾರಕ್ಕೊಮ್ಮೆ ಹೇಳುತ್ತಿದ್ದ.

ಹೆಸರು ಕೆತ್ತುವುದಕ್ಕೂ ಕಾರಣವಿತ್ತು. ಊರಿನಲ್ಲಾದರೆ ಪಾತ್ರೆ ಅಂಗಡಿಯಲ್ಲೇ ಕುಯ್ಯೋ ಎಂದು ಹೆಸರು ಕೊರೆದು ಕೊಡುತ್ತಾರೆ. ಇಲ್ಲಿ ಪರದೇಶದಲ್ಲಿ ಎಲ್ಲರ ಮನೆಯಲ್ಲೂ ಒಂದೇ ಅಂಗಡಿಯ ಒಂದೇ ಥರದ ಡಬ್ಬಿ. ಮನೆಗೊಂದು ಅಡುಗೆ ತಂದು ಸೇರಿ ಉಣ್ಣುವ ಪಾಟ್‌ಲಕ್ಕಿಗೆ ಹೋದ ಡಬ್ಬಿ ತಿರುಗಿ ಬಂದರೆ ಪುಣ್ಯ. ಬಂದದ್ದು ತನ್ನದೇ ಎಂದು ಗೊತ್ತಾಗುವುದು ಇನ್ನೂ ದೊಡ್ಡ ಪುಣ್ಯ. ಅಪ್ಪಿತಪ್ಪಿ ಬೇರೆಯವರದು ಇಟ್ಟುಕೊಂಡರೆ ಮುಗಿಯಿತು. ಯಾವಾಗಲೋ ಒಮ್ಮೆ ಯಾರದೋ ಇಡ್ಲಿ ಸ್ಟ್ಯಾಂಡು ಉಷಾಳ ಅಡುಗೆಮನೆಯಲ್ಲಿ ಸಿಕ್ಕಿತ್ತು. ಈಗ ಉಷಾ ಕಂಪನಿಯಲ್ಲಿ ಡೈರೆಕ್ಟರ್ ಆಗಿದ್ದರೂ ಹೆಂಗಸರ ನಡುವೆ ‘ಇಡ್ಲಿ ಸ್ಟ್ಯಾಂಡ್ ಉಷಾ’ನೇ.

ಲೇಸರ್ ನಿಂತಿತು. ಪಂಕಜಾ ಫೋನು ನೋಡಿದಳು. ಎರಡು ಬೀದಿ ಆಚೆಯ ಶಾಮಲಾ ಬರೆದಿದ್ದಳು: ಸಂಜೆ ಸಂಕ್ರಾಂತಿ ಪಾಟ್‌ಲಕ್ಕಿಗೆ ಬರುವಾಗ ನನ್ನ ದೊಡ್ಡ ಡಬ್ಬಿ ಮರೀಬೇಡ, ಮುಚ್ಚಳದ ಅಂಚು ತಗ್ಗಾಗಿದೆಯಲ್ಲ, ಅದೇ. ನಮ್ಮತ್ತೆ ಕೊಟ್ಟಿದ್ದು. ಅತ್ತೆ ಬಂದಿದ್ದಾರೆ, ಕೇಳ್ತಿದ್ದಾರೆ.

ಪಂಕಜಾ ಯಂತ್ರದ ಮೇಲಿದ್ದ ಮುಚ್ಚಳ ನೋಡಿದಳು. ಅಂಚಿನಲ್ಲಿ ತಗ್ಗಿತ್ತು. ಅದರ ಪಕ್ಕದಲ್ಲೇ, ಇನ್ನೂ ಬೆಚ್ಚಗೆ, ಅವಳ ಹೆಸರಿತ್ತು.

ಆ ತಗ್ಗು ತಾನೇ ಕಾರಿನಲ್ಲಿ ಬ್ರೇಕ್ ಒತ್ತಿದಾಗ ಆದದ್ದು ಎಂದು ಅವಳಿಗೆ ಒಂದು ಕ್ಷಣ ನೆನಪಾಯಿತು. ಆದರೆ ಶಾಮಲಾ ಅಷ್ಟು ಖಚಿತವಾಗಿ ಬರೆದಿದ್ದಾಳೆ. ಯಾರಾದರೂ ಖಚಿತವಾಗಿ ಮಾತಾಡಿದರೆ ಪಂಕಜಾಳಿಗೆ ತನ್ನ ನೆನಪೇ ಎರವಲು ತಂದದ್ದು ಎನಿಸಿಬಿಡುತ್ತಿತ್ತು, ಮದುವೆಯಾದಾಗಿನಿಂದ ಅಭ್ಯಾಸ.

ಹುಣಸೆಹಣ್ಣು ಹಾಕಿ ಉಜ್ಜಿದಳು. ಸುತ್ತಲಿನ ಸ್ಟೀಲು ಕನ್ನಡಿಯಾಯಿತು, ಹೆಸರು ಇನ್ನೂ ಎದ್ದು ಕಂಡಿತು. ನಿಂಬೆ, ಅಡುಗೆ ಸೋಡಾ, ಕಡೆಗೆ ಮರಳು ಕಾಗದ. ಉಜ್ಜಿದಲ್ಲಿ ಬೊಕ್ಕತಲೆಯಂಥ ಮಂಕು ಜಾಗ ಎದ್ದಿತು, ಅದರೊಳಗಿಂದ ‘ಪಂಕಜಾ’ ಇಣುಕಿ ನೋಡುತ್ತಲೇ ಇತ್ತು.

ಅಷ್ಟರಲ್ಲಿ ಪಕ್ಕದ ಮನೆಯ ಗುರುಕಿರಣ್ ಬಂದ. ಹತ್ತಿರದ ಕಾರ್ಲ್ಸ್‌ಬಾಡಿನ ಕಂಪನಿಯಲ್ಲಿ ಇಂಜಿನಿಯರ್, ಯಾರ ಗ್ಯಾರೇಜಿನ ಬಾಗಿಲು ತೆರೆದಿದ್ದರೂ ತನಗೇ ತೆರೆದದ್ದೆಂದು ತಿಳಿಯುವವನು. ಅವಳು ಬೇಡವೆಂದರೂ ಕತೆಯೆಲ್ಲ ಕೇಳಿಕೊಂಡು ಮುಚ್ಚಳವನ್ನು ಎಕ್ಸ್‌ರೇ ನೋಡುವಂತೆ ಬೆಳಕಿಗೆ ಹಿಡಿದ.

“ಅಳಿಸೋಕೆ ಯಾಕೆ ಹೋಗ್ತೀರ ಆಂಟಿ, ಮುಚ್ಚಿಬಿಡಿ. ತೆಳ್ಳನೆ ತಗಡಲ್ಲಿ ಅವರ ಹೆಸರು ಕೆತ್ತಿ ಮೇಲೆ ಅಂಟಿಸಿದ್ರೆ ಗಿಫ್ಟ್ ಥರ ಇರುತ್ತೆ.”

ಮನೆಗೆ ಓಡಿಹೋಗಿ ಕಾಗದದಷ್ಟು ತೆಳುವಾದ ತಗಡುಗಳನ್ನು ತಂದ. ಮೊದಲನೆಯದು ಹಿತ್ತಾಳೆ. ಲೇಸರ್ ಅದರ ಮೇಲೆ ಎಷ್ಟು ಓಡಿದರೂ ಎಮ್ಮೆಯ ಮೇಲೆ ಮಳೆ ಸುರಿದ ಹಾಗಾಯಿತು. ಹೊಳಪಿಗೆ ಬೆಳಕೆಲ್ಲ ಜಾರಿಹೋಯಿತು. ಎರಡನೆಯದು ಸ್ಟೀಲು. ಅದನ್ನು ಲೇಸರ್ ಕತ್ತರಿಸಿತು, ಆದರೆ ಕಾವಿಗೆ ತಗಡು ಎಣ್ಣೆಗೆ ಬಿದ್ದ ಹಪ್ಪಳದಂತೆ ಮುದುರಿಕೊಂಡಿತು. ಭಾರಕ್ಕಿರಲಿ ಎಂದು ಗುರುಕಿರಣ್ ಅಡುಗೆಮನೆಯಿಂದ ಕುಟ್ಟಾಣಿ ತಂದು ಮುಂದಿನ ತಗಡಿನ ಮೂಲೆಗಿಟ್ಟ. ಲೇಸರಿನ ತಲೆ ಓಡಿಬಂದು ಕುಟ್ಟಾಣಿಗೆ ಢೀ ಹೊಡೆದು, ‘ಶಾಮ’ ಒಂದು ಕಡೆ, ‘ಲಾ’ ಇನ್ನೊಂದು ಕಡೆ ಬಿದ್ದವು.

ಸದ್ದಿಗೆ ಗೋಪಿನಾಥ್ ಬಂದ. ಬಾಗಿಲಲ್ಲೇ ನಿಂತು, ಹೊಗೆ ನೋಡಿ, ಕುಟ್ಟಾಣಿ ನೋಡಿ, ಇದಕ್ಕೇ ಹೇಳೋದು ಮಾರಿಬಿಡೋಣ ಅಂತ, ಎಂದು ಹೇಳಿ ಒಳಗೆ ಹೋದ.

ಪಂಕಜಾ ಗುರುಕಿರಣನನ್ನು ಕಾಫಿ ಕುಡಿಯಲು ಒಳಗೆ ಅಟ್ಟಿದಳು. ಆಮೇಲೆ ಒಬ್ಬಳೇ, ಹೊಸ ತಗಡಿನ ಅಂಚಿಗೆಲ್ಲ ಟೇಪು ಒತ್ತಿ, ವೇಗ ಇಳಿಸಿ, ಗಾಳಿ ಊದುವ ಪಂಪು ಹಚ್ಚಿ, ಉಸಿರು ಬಿಗಿಹಿಡಿದು ನಿಂತಳು. ಕಬ್ಬಿನ ಜಲ್ಲೆಗಳ ಅಂಚಿನೊಳಗೆ ‘ಶಾಮಲಾ’ ಮೂಡಿತು. ಸುತ್ತಲೂ ಕತ್ತರಿಸಿ ತಗಡು ಎತ್ತಿದಾಗ ಅಂಚು ಎಲ್ಲೂ ಸುಕ್ಕಾಗಿರಲಿಲ್ಲ. ತಾನು ಇಷ್ಟು ಚೆನ್ನಾಗಿ ಮಾಡಿದ ಮೊದಲ ಕೆಲಸ ಇನ್ನೊಬ್ಬಳ ಹೆಸರಿನದು ಎಂದು ಅವಳಿಗೆ ಸಣ್ಣಗೆ ಚುಚ್ಚಿತು. ಗಟ್ಟಿ ಅಂಟು ಹಚ್ಚಿ ತನ್ನ ಹೆಸರಿನ ಮೇಲೆ ಒತ್ತಿದಳು. ಖಾಲಿ ಡಬ್ಬಿ ಹಿಂದಿರುಗಿಸಬಾರದಲ್ಲ, ಅದರ ತುಂಬ ಕೊಬ್ಬರಿ ಮಿಠಾಯಿ ತುಂಬಿದಳು.

ಶಾಮಲಾಳ ಮನೆಯಲ್ಲಿ ಡಬ್ಬಿ ಕೈಯಿಂದ ಕೈಗೆ ಹೋಯಿತು. ಇಷ್ಟು ಅಂದವಾಗಿ ಯಾರು ಕೆತ್ತಿದರು ಎಂದು ಹೆಂಗಸರು ಕೇಳಿದರು. ಗೋಪಿನಾಥ್ ಎದೆಯುಬ್ಬಿಸಿ, ನಮ್ಮ ಮಶೀನು, ಎಂದ. ಬೆಳಗಿನಿಂದ ಮೊದಲ ಸಲ ಪಂಕಜಾಳ ಹೆಗಲು ಸಡಿಲವಾಯಿತು. ಬದುಕಿದೆ ಎಂದುಕೊಂಡಳು.

ಆಗ ಶಾಮಲಾಳ ಅತ್ತೆ, ಧಾರವಾಡದ ಶಿವಕ್ಕ, ಸೋಫಾದ ಮೇಲಿಂದ ಕೈ ಚಾಚಿ ಡಬ್ಬಿ ತೆಗೆದುಕೊಂಡರು. ಅಡಿ ಮೇಲೆ ಮಾಡಿ ನೋಡಿದರು.

“ಶಾಮಲಾ, ಇದು ನಮ್ಮ ಡಬ್ಬಿ ಅಲ್ಲ ಬಿಡವ್ವ. ನಾ ಕೊಟ್ಟದ್ದು ಗ್ಯಾರೇಜಿನ ಫ್ರಿಜ್ಜಿನ್ಯಾಗ ಐತಿ. ನಿನ್ನೆ ನಾನ ಅದರಾಗ ಶೇಂಗಾ ಹೋಳಿಗಿ ಇಟ್ಟೀನಲ್ಲ.”

ಶಾಮಲಾ ಗ್ಯಾರೇಜಿಗೆ ಹೋಗಿ ಬಂದಳು. ಕೈಯಲ್ಲಿ ಇನ್ನೊಂದು ದೊಡ್ಡ ಡಬ್ಬಿ. ಅದರ ಮುಚ್ಚಳದ ಅಂಚಿನಲ್ಲೂ ತಗ್ಗಿತ್ತು.

ಪಂಕಜಾಳಿಗೆ ಬ್ರೇಕ್ ಒತ್ತಿದ್ದು, ಡಬ್ಬಿ ಉರುಳಿದ್ದು, ಸಾರೆಲ್ಲ ಸೀಟಿನ ಮೇಲೆ ಚೆಲ್ಲಿದ್ದು ಸ್ಪಷ್ಟವಾಗಿ ನೆನಪಾಯಿತು. ಹಾಗಾದರೆ ಇದು ನನ್ನದು ಎಂಬ ಮಾತು ನಾಲಿಗೆಯ ತುದಿಗೆ ಬಂತು. ಸಾಕ್ಷಿಯೂ ಇತ್ತು, ತಗಡಿನ ಅಡಿಯಲ್ಲಿ. ಆದರೆ ತಗಡು ಕಿತ್ತರೆ, ಶಾಮಲಾಳದೆಂದು ನಂಬಿದ್ದ ಡಬ್ಬಿಯ ಮೇಲಿದ್ದ ತನ್ನ ಹೆಸರನ್ನು ಮುಚ್ಚಿಟ್ಟು ತಂದದ್ದೂ ಹೊರಬೀಳುತ್ತದೆ. ಮೂಲೆಯಲ್ಲಿ ಇಡ್ಲಿ ಸ್ಟ್ಯಾಂಡ್ ಉಷಾ ಕಿವಿ ನೆಟ್ಟಗೆ ಮಾಡಿಕೊಂಡು ಕೂತಿದ್ದಳು, ತನ್ನ ಪಟ್ಟ ಬಿಟ್ಟುಕೊಡಲು ಕಾದವಳಂತೆ.

ಅಷ್ಟರಲ್ಲಿ ಶಾಮಲಾಳ ಕಣ್ಣು ತುಂಬಿತು.

“ಅಂದ್ರೆ ನಂದು ಸಿಕ್ಕಲಿಲ್ಲ ಅಂತ ನಿನ್ನ ಡಬ್ಬಿಗೇ ನನ್ನ ಹೆಸರು ಹಾಕಿ ತಂದ್ಯಾ? ಎಂಥವಳು ಕಣೇ ನೀನು.”

ಪಂಕಜಾ ನಕ್ಕಳು. ಬೇರೆ ಏನೂ ಮಾಡಲು ಉಳಿದಿರಲಿಲ್ಲ.

ಆಮೇಲೆ ಎಲ್ಲರಿಗೂ ಅಂಥದೇ ಹೆಸರಿನ ತಗಡು ಬೇಕಾಯಿತು. ಅವಳು ಬಾಯಿ ತೆರೆಯುವ ಮೊದಲೇ ಗೋಪಿನಾಥ್, ಕೊಡ್ರೀ, ಎಲ್ಲಾ ಕೊಡಿ, ಪಂಕಜಾ ಮಾಡಿಕೊಡ್ತಾಳೆ, ಎಂದು ಕೈ ಬೀಸಿದ. ಊಟ ಮುಗಿದ ಡಬ್ಬಿ, ತಟ್ಟೆ, ಸಾರಿನ ಪಾತ್ರೆಗಳೆಲ್ಲ ತೊಳೆದು ಅವರ ಕಾರಿನ ಡಿಕ್ಕಿ ಸೇರಿದವು. ಉಷಾ ಒಂದು ಇಡ್ಲಿ ಸ್ಟ್ಯಾಂಡು ಕೊಟ್ಟಳು, ತಲೆ ಎತ್ತದೆ.

ಮನೆಯ ದಾರಿಯಲ್ಲಿ ತಿರುವು ಬಂದಾಗಲೆಲ್ಲ ಹಿಂದೆ ಪಾತ್ರೆಗಳು ಜಗಳವಾಡಿದವು. ಇನ್ನೆಷ್ಟು ತಿಂಗಳು ಗ್ಯಾರೇಜು ಹೀಗೇ ಎಂದು ಗೋಪಿನಾಥನಿಗೆ ಆಗ ಹೊಳೆಯಿತು.

“ತಗಡು ಯಾಕೆ, ಪಾತ್ರೆ ಮೇಲೇ ನೇರವಾಗಿ ಕೆತ್ತಿಬಿಡು. ಬೇಗ ಮುಗಿಯುತ್ತಲ್ಲ.”

“ಇಲ್ಲ ರೀ, ತಗಡೇ ಲಕ್ಷಣ,” ಎಂದಳು ಪಂಕಜಾ.

ಅವಳು ಕಿಟಕಿಯಾಚೆ ನೋಡುತ್ತ ಕೂತಳು. ಮೀರಾ ಮೆಸಾದ ಪಾತ್ರೆಗಳೆಲ್ಲ ಹಿಂದೆ ಗಲಗಲ ಎನ್ನುತ್ತಿದ್ದವು. ಪ್ರತಿಯೊಂದರ ಮೇಲೂ ಅವರವರ ಹೆಸರಿನ ತಗಡು ಕೂರುತ್ತದೆ, ಕಬ್ಬಿನ ಜಲ್ಲೆಯ ಅಂಚಿನ ಸಮೇತ. ಆದರೆ ಅಂಟು ಹಚ್ಚುವ ಮುಂಚೆ, ತಗಡು ಕೂರುವ ಜಾಗದಲ್ಲಿ, ಮೊದಲು ಅವಳ ಹೆಸರು.